ಕುಕ್ಕರ್‌ನ ಸಿವಿಲ್ಲಿಗೆ ಸೀಲ್ ಬಿದ್ದದ್ದು

ಅಜ್ಜಿ ಹೇಳುವ ಕಥೆಗಳಲ್ಲಿ ರಾಕ್ಷಸ ಎಷ್ಟೇ ದೊಡ್ಡವನಿರಲಿ, ಅವನ ಜೀವ ಅವನ ಮೈಯಲ್ಲಿ ಇರುವುದಿಲ್ಲ. ಏಳು ಕಡಲಿನ ಆಚೆ, ಯಾವುದೋ ಮರದ ಪೊಟರೆಯಲ್ಲಿ, ಒಂದು ಗಿಳಿಯ ಗಂಟಲಲ್ಲಿ ಇರುತ್ತದೆ. ಈ ಕಥೆಯ ರಾಕ್ಷಸನಿಗೆ ಹಳದಿ ಬಣ್ಣ, ಒಂದೇ ಕೈ, ಕಾಲಿನ ಬದಲು ಎರಡು ಕಬ್ಬಿಣದ ಚೈನು. ಮಣ್ಣು ಅಗೆಯುವುದು ಅವನ ಉದ್ಯೋಗ. ಅವನ ಜೀವ ಇದ್ದದ್ದು ಅಷ್ಟು ದೂರದಲ್ಲೇನಲ್ಲ, ಅವನ ಹೊಕ್ಕುಳಲ್ಲೇ. ಆದರೆ ಆ ಹೊಕ್ಕುಳಿಗೆ ಏನೆಂದು ಕರೆಯಬೇಕು ಎನ್ನುವ ವಿಚಾರದಲ್ಲಿ ಇಬ್ಬರು ಷಡ್ಡಕರು ಮಾತು ಬಿಟ್ಟು, ಮುಖ ಬಿಟ್ಟು, ಒಬ್ಬರ ಮನೆಯ ದಾರಿಯಲ್ಲಿ ಇನ್ನೊಬ್ಬರು ಹಾಯುವುದನ್ನೂ ಬಿಟ್ಟಿದ್ದರು.

ಕಿರಿಯ ಷಡ್ಡಕ ಈ ರಾಕ್ಷಸನ ಒಡೆಯ. ಓಣಿಯವರು ಅವನನ್ನು ಕುಕ್ಕರ್ ಎನ್ನುತ್ತಿದ್ದರು, ಅವನಿಗೆ ಕೇಳಿಸದ ಹಾಗೆ. ಸಿಟ್ಟು ಬಂದರೆ ಮೊದಲು ಅವನ ಮೂಗಿನಿಂದ ಒಂದು ಸೀಟಿ ಬರುತ್ತಿತ್ತು. ಎರಡನೆಯ ಸೀಟಿಗೆ ಕಿವಿ ಕೆಂಪಾಗುತ್ತಿದ್ದವು. ಮೂರನೆಯದಕ್ಕೆ ಓಣಿಯ ತಾಯಂದಿರು ಮಕ್ಕಳ ಕಿವಿ ಮುಚ್ಚುತ್ತಿದ್ದರು. ಮನುಷ್ಯ ಕೆಟ್ಟವನಲ್ಲ, ಪಾಪ. ಅವನ ಸಿಟ್ಟಿಗೆ ವಿಳಾಸ ಇರಲಿಲ್ಲ, ಅಷ್ಟೆ. ಸೊಳ್ಳೆ ಕಚ್ಚಿದರೆ ಕಿಟಕಿಗೆ ಬೈಯುತ್ತಿದ್ದ. ಚಪ್ಪಲಿ ಕಿತ್ತುಹೋದರೆ ರಸ್ತೆಗೆ ಬೈಯುತ್ತಿದ್ದ. ಮಷೀನು ಕೆಟ್ಟರೆ ಹೆಂಡತಿಗೆ ಬೈಯುತ್ತಿದ್ದ. ಹೆಂಡತಿ ಆ ಮಷೀನಿಗೆ ‘ಸವತಿ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಹಿರಿಯ ಷಡ್ಡಕ, ಅಂದರೆ ಕುಕ್ಕರ್‌ನ ಹೆಂಡತಿಯ ಅಕ್ಕನ ಗಂಡ, ಇಂಥ ಮಷೀನುಗಳ ಮೆಕ್ಯಾನಿಕ್ಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ‘ಹೂಂ’ ಎನ್ನುತ್ತಿದ್ದ. ಹಾಗಾಗಿ ಎಲ್ಲರೂ ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯದವರ ಮಷೀನನ್ನು ಅವನು ಮುಟ್ಟುತ್ತಲೂ ಇರಲಿಲ್ಲ. ವಿನಯ ಅನ್ನುವ ಸಾಮಾನು ಅವನ ಪೆಟ್ಟಿಗೆಯಲ್ಲಿ ಇರಲಿಲ್ಲ.

ಜಗಳ ಹುಟ್ಟಿದ್ದು ಅತ್ತೆ ಮನೆಯ ಊಟದ ಸಾಲಿನಲ್ಲಿ. ತುತ್ತು ಕಲಸುತ್ತಾ ಡಾಕ್ಟರ್ ಹೇಳಿದ್ದ, “ನಿನ್ನ ಮಷೀನು ಎಡಕ್ಕೆ ಎಳೀತಿದೆ. ಸ್ವಿವೆಲ್ ಸೀಲ್ ಸವೀತಾ ಇದೆ ನೋಡ್ಕೊ.”

“ನನ್ನ ಸಿವಿಲ್‌ಗೆ ಏನೂ ಆಗಿಲ್ಲ” ಎಂದಿದ್ದ ಕುಕ್ಕರ್.

“ಸಿವಿಲ್ ಅಲ್ಲಪ್ಪಾ. ಸ್ವಿ-ವೆ-ಲ್. ಎಲ್ಲಿ, ಹೇಳು? ಸ್ವಿ…”

ಸಾಲಿಗೆ ಸಾಲೇ ನಕ್ಕಿತು. ಬಡಿಸುತ್ತಿದ್ದ ಅತ್ತೆಯೂ ಸೌಟು ಅಡ್ಡ ಹಿಡಿದು ನಕ್ಕಳು. ಕುಕ್ಕರ್‌ನ ಮೂಗಿನಿಂದ ಮೂರೂ ಸೀಟಿ ಒಟ್ಟಿಗೇ ಬಂದವು. ಎಲೆಯ ಮುಂದಿನಿಂದ ಎದ್ದು, ಎಂಜಲ ಕೈಯನ್ನು ಮೇಲೆತ್ತಿ ಶಪಥ ಮಾಡಿದ. ಉಸಿರಿರುವ ತನಕ ತಾನು ಅದನ್ನು ಸಿವಿಲ್ ಎಂದೇ ಕರೆಯುವುದಾಗಿಯೂ, ಡಾಕ್ಟರನ ಸ್ಪಾನರು ತನ್ನ ಮಷೀನಿಗೆ ತಾಗಿದರೆ ಹೆಸರು ಬದಲಾಯಿಸಿಕೊಳ್ಳುವುದಾಗಿಯೂ ಸಾರಿದ. ಜನ ಮಣ್ಣಿಗಾಗಿ, ಹೆಣ್ಣಿಗಾಗಿ ಶಪಥ ಮಾಡಿದ್ದನ್ನು ಕೇಳಿದ್ದೇವೆ. ಒತ್ತಕ್ಷರಕ್ಕಾಗಿ ಶಪಥ ಮಾಡಿದವನು ಬಹುಶಃ ಇವನೊಬ್ಬನೇ.

ಆ ಹೊಕ್ಕುಳಿನ ವಿಷಯ ಇಲ್ಲೇ ಹೇಳಿಬಿಡಬೇಕು. ಮಷೀನಿನ ಮೇಲಿನ ಅರ್ಧ, ಅಂದರೆ ಎಂಜಿನ್ನು, ಕೈ, ಡ್ರೈವರು ಕೂರುವ ಗೂಡು, ಗರಗರ ಸುತ್ತುತ್ತದೆ. ಚೈನಿರುವ ಕೆಳಗಿನ ಅರ್ಧ ಸುತ್ತುವುದಿಲ್ಲ. ಆದರೆ ಚೈನು ನಡೆಸುವ ಎಣ್ಣೆ ಮೇಲಿನಿಂದಲೇ ಇಳಿದು ಬರಬೇಕು. ಪೈಪನ್ನು ನೇರ ಇಳಿಬಿಟ್ಟರೆ ಎರಡು ಸುತ್ತಿಗೆ ಜಡೆಯ ಹಾಗೆ ಹೆಣೆದುಕೊಂಡು ಹರಿದುಹೋಗುತ್ತದೆ. ಅದಕ್ಕೇ ನಡುವೆ ಒಂದು ಕಬ್ಬಿಣದ ಕಂಬ, ಅದರ ಸುತ್ತ ಒಂದು ಕಬ್ಬಿಣದ ಅಂಗಿ. ಕಂಬ ಒಂದು ಕಡೆ ನಿಂತರೂ ಅಂಗಿ ಸುತ್ತಬಹುದು. ನಡುವೆ ಬಳೆಯಾಕಾರದ ಕಾಲುವೆಗಳು. ಎಡ ಚೈನಿನ ಎಣ್ಣೆ ಒಂದರಲ್ಲಿ, ಬಲ ಚೈನಿನದು ಇನ್ನೊಂದರಲ್ಲಿ. ಒಂದರದು ಇನ್ನೊಂದಕ್ಕೆ ಸೇರದಂತೆ ಕಾಯುವುದು ಕಾಲುವೆ ಕಾಲುವೆಯ ಮಧ್ಯೆ ಕುಳಿತ ಬಳೆಗಳು. ಅವೇ ಸೀಲು. ಬಳೆ ಸವೆದರೆ ಅವರದ್ದು ಇವರಿಗೆ, ಇವರದ್ದು ಅವರಿಗೆ.

ಅತ್ತೆ ಮನೆಯ ಆ ಊಟ ಹಳೆಯದಾಗಿ, ಶಪಥ ಮಾತ್ರ ಹೊಸದಾಗಿಯೇ ಉಳಿದಿದ್ದ ಒಂದು ದಿನ, ಕುಕ್ಕರ್‌ನ ಸ್ವಂತ ಓಣಿಯಲ್ಲೇ ನೀರಿನ ಪೈಪು ಇಳಿಸುವ ಕೆಲಸ ಬಂತು. ವಾರ್ಡ್ ಕಚೇರಿಯ ಸಾಹೇಬ ಬೆಳಿಗ್ಗೆಯೇ ಇಡೀ ಬಡಾವಣೆಯ ನೀರು ನಿಲ್ಲಿಸಿ, ಕುಕ್ಕರ್‌ನ ಮೂಗಿನ ಕೆಳಗೆ ಬೆರಳಾಡಿಸಿ ಹೇಳಿ ಹೋಗಿದ್ದ. “ಕತ್ತಲಾಗೋದ್ರೊಳಗೆ ಪೈಪು ಗುಂಡೀಲಿರಬೇಕು. ಇಲ್ಲ, ನಿನ್ನ ಮಷೀನು ನಮ್ಮ ಅಂಗಳದಲ್ಲಿರುತ್ತೆ.”

ಆ ಅಂಗಳಕ್ಕೆ ಎಳೆದೊಯ್ದ ಗಾಡಿ ತಿರುಗಿ ಬಂದದ್ದನ್ನು ಕಂಡವರಿಲ್ಲ. ಅಲ್ಲಿ ಒಂದು ಕಾರಿನ ಬಾನೆಟ್ಟು ಸೀಳಿಕೊಂಡು ಮರ ಬೆಳೆದು ಹಣ್ಣೂ ಬಿಡುತ್ತಿತ್ತು. ಕುಕ್ಕರ್‌ಗೆ ಆ ಮಷೀನು ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಅಗೆದ.

ಬೆಳಗಿನ ತಂಪಿನಲ್ಲಿ ಮಷೀನು ಹೇಳಿದ ಹಾಗೆ ಕೇಳಿತು. ಬಿಸಿಲೇರಿ ಎಣ್ಣೆ ಕಾದು ತೆಳ್ಳಗಾದಂತೆ ಎಡ ಚೈನು ಸೋಮಾರಿಯಾಗತೊಡಗಿತು. ಗುಂಡಿ ಮುಗಿಯಿತು. ಪೈಪು ಓಣಿಯ ಆ ತುದಿಯಲ್ಲಿ ಬಿದ್ದಿತ್ತು. ಎತ್ತಿ ತರಲೆಂದು ಕುಕ್ಕರ್ ಎರಡೂ ಲಿವರ್ ಮುಂದಕ್ಕೆ ತಳ್ಳಿದ. ಬಲ ಚೈನು ನಡೆಯಿತು. ಎಡದ್ದು ನಿಂತಲ್ಲೇ ಮುಲುಗಿತು. ಮಷೀನು ಅಡ್ಡಡ್ಡ ತಿರುಗಿ, ಓಣಿಯ ಬಾಯಿಗೆ ಬಿರಡೆಯಂತೆ ಕೂತುಬಿಟ್ಟಿತು. ಮುಂದಿನ ಕೈ ಟೈಪಿಸ್ಟ್ ತಾತನ ಕಾಂಪೌಂಡಿನೊಳಗೆ ಇಣುಕಿ, ಒಣಗಲು ಹಾಕಿದ್ದ ಬನಿಯನ್ನನ್ನು ಮುಟ್ಟಿ ನಿಂತಿತು.

ಒಂದು ಸೀಟಿ.

ಕುಕ್ಕರ್ ಇಳಿದು ಚೈನಿಗೆ ಒದ್ದ. ಚೈನು ಕಬ್ಬಿಣದ್ದು, ಹೆಬ್ಬೆರಳು ಅಲ್ಲ. ಎರಡನೆಯ ಸೀಟಿ. ಕುಂಟುತ್ತಾ ಎಡ ಮೋಟರಿನ ಮುಚ್ಚಳ ಬಿಚ್ಚಿ ನೋಡಿದ, ಅದು ಕನ್ನಡಿಯಂತೆ ಸ್ವಚ್ಛವಾಗಿತ್ತು. ಮೇಲೆ ಹತ್ತಿ ಕೈ ಆಡಿಸಿದ, ಬಕೆಟ್ಟು ಆಡಿಸಿದ, ಗರಗರ ಸುತ್ತಿಸಿದ. ಎಲ್ಲಕ್ಕೂ ಕಸುವಿತ್ತು. ಕೈ ಗಟ್ಟಿ, ಕಾಲು ಮಾತ್ರ ಸೋತಿದೆ ಎಂದರೆ ಅದು ಹೊಕ್ಕುಳೇ. ಅಂದರೆ ಆ ದರಿದ್ರ ಡಾಕ್ಟರು ಅಂದು ಹೇಳಿದ್ದೇ ನಿಜ! ಮಷೀನು ಕೆಟ್ಟದ್ದಕ್ಕಿಂತ ಅವನ ಮಾತು ನಿಜವಾದದ್ದು ಕುಕ್ಕರ್‌ನ ಎದೆಗೆ ಹೆಚ್ಚು ಚುಚ್ಚಿತು.

ಅಷ್ಟರಲ್ಲಿ ಟೈಪಿಸ್ಟ್ ತಾತ ಬನಿಯನ್ ಬಿಡಿಸಿಕೊಳ್ಳಲು ಬಂದರು. ತಾತ ಬದುಕೆಲ್ಲ ಸಿವಿಲ್ ಕೋರ್ಟಿನಲ್ಲಿ ಟೈಪು ಹೊಡೆದವರು. ಈಗಲೂ ಕೂತಲ್ಲಿ ಬೆರಳುಗಳು ತೊಡೆಯ ಮೇಲೆ ಟಕಟಕ ಆಡುತ್ತಿದ್ದವು.

“ಏನಯ್ಯಾ ಹೋಗಿರೋದು?” ಎಂದರು.

“ಸಿವಿಲ್ಲು!” ಎಂದು ಕುಕ್ಕರ್ ಅಬ್ಬರಿಸಿದ, ಡಾಕ್ಟರಿಗೆ ಕೇಳಿಸಲಿ ಎಂಬಂತೆ.

ತಾತನ ಬೆರಳು ನಿಂತವು. “ಸಿವಿಲ್ಲಾ? ಯಾವಾಗಿನಿಂದ?”

“ಬಹಳ ದಿನದಿಂದ ಒಳಗೊಳಗೇ ಇತ್ತು. ಇವತ್ತು ಬೀದಿಗೆ ಬಂತು.”

“ಅದು ಹಾಗೇ. ಒಳಗೊಳಗೇ ಇದ್ದು ಬೀದಿಗೆ ಬರೋದೇ ಅದರ ಜಾಯಮಾನ. ಯಾರ್ಯಾರ ಮಧ್ಯೆ?”

“ಯಾರ್ಯಾರ ಮಧ್ಯೆ ಅಂದ್ರೆ? ಎಡಗಡೆಗೆ ಹೋಗಬೇಕಾದ್ದು ಎಡಗಡೆಗೆ ಹೋಗ್ತಿಲ್ಲ. ನಡುವೆ ಕಳ್ಳದಾರಿ ಆಗಿದೆ. ಒಂದಷ್ಟು ಬಲಗಡೆಗೆ, ಒಂದಷ್ಟು ಸೀದಾ ಮೇಲಕ್ಕೆ.”

“ಮೇಲಿನವರಿಗೂ ಹೋಗ್ತಿದ್ಯಾ!” ತಾತ ಕನ್ನಡಕ ತೆಗೆದು ಅದೇ ಬನಿಯನ್ನಿನಲ್ಲಿ ಒರೆಸಿಕೊಂಡರು. “ಪರಿಹಾರ?”

“ಇನ್ನೇನು ಪರಿಹಾರ? ಹಳೇದೆಲ್ಲ ಕಿತ್ತು ಹೊಸ ಸೀಲ್ ಹಾಕಬೇಕು. ಸೀಲ್ ಬಿದ್ರೇನೇ ಇದು ಇತ್ಯರ್ಥ!”

ತಾತನಿಗೆ ಇಳಿವಯಸ್ಸಿನಲ್ಲಿ ಹೋದ ಯೌವನ ತಿರುಗಿ ಬಂದಂತಾಯಿತು. ಬನಿಯನ್ನನ್ನು ಹೆಗಲಿಗೆ ಹಾಕಿಕೊಂಡು ಎಡಗಡೆಯ ಮನೆಯ ಮುಂದೆ ನಿಂತರು. ಆ ಮನೆಯಲ್ಲಿದ್ದವಳು ರೇಡಿಯೋ ಅಕ್ಕ. ಅವಳಿಗೊಂದು ಮಾತು ಹೇಳಿದರೆ ಊರಿಗೆ ಬೇರೆ ಹೇಳಬೇಕಾಗಿರಲಿಲ್ಲ.

“ಅಮ್ಮಾ, ಎಡಗಡೆಯವರದ್ದು ಬಲಗಡೆಯವರಿಗೆ ಹೋಗ್ತಿದ್ಯಂತೆ. ಸಿವಿಲ್ ಆಗಿದೆ. ಮಷೀನಿಗೆ ಸೀಲ್ ಬೀಳುತ್ತೆ.”

ಅಕ್ಕ ಸೊಂಟಕ್ಕೆ ಸೆರಗು ಬಿಗಿದು ಬಲಗಡೆಯ ಮನೆಯ ಮುಂದೆ ಪ್ರತ್ಯಕ್ಷಳಾದಳು. ಅಲ್ಲಿದ್ದವನು ದರ್ಜಿ.

“ಏನ್ರೀ, ನನ್ನ ಗೋಡೆ ಪಕ್ಕದ ಜಾಗ ನುಂಗಿದ್ದು ನೀವೇನಾ?”

“ನಾನಾ? ಅಳತೆ ತಗೊಂಡೇ ಬದುಕೋನು ನಾನು! ಅರ್ಧ ಇಂಚು ಆಚೀಚೆ ಮಾಡಿದವನಲ್ಲ!”

“ಮಾಡಿದವನಲ್ವಾ? ನೀವು ಹೊಲಿದ ರವಿಕೆ ತರಲಾ? ಅರ್ಧ ಇಂಚು ಎಲ್ಲಿ ಹೋಯ್ತು ಅಂತ ಊರಿಗೇ ತೋರಿಸ್ತೀನಿ!”

ಇವರ ಕೂಗಾಟ ಒಂದು ಕಡೆ, ಮಷೀನಿನ ಆಚೆ ಸಿಕ್ಕಿಕೊಂಡ ಗಾಡಿಗಳ ಹಾರ್ನು ಇನ್ನೊಂದು ಕಡೆ. ಖಾಲಿ ಬಿಂದಿಗೆ ಹಿಡಿದು ಬಂದವರು ಬಿಂದಿಗೆ ಕುಟ್ಟಿ ತಾಳ ಹಾಕುತ್ತಿದ್ದರು. ಈ ಗದ್ದಲದಲ್ಲಿ ತಾತ ಮನೆಯೊಳಗೆ ಹೋಗಿ ವಾರ್ಡ್ ಕಚೇರಿಗೆ ಫೋನು ತಿರುಗಿಸಿದ್ದು ಯಾರಿಗೂ ಕಾಣಲಿಲ್ಲ. ಕುಕ್ಕರ್‌ನ ಹೆಂಡತಿ ಹಿತ್ತಲಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದ್ದೂ ಕಾಣಲಿಲ್ಲ.

ಡಾಕ್ಟರ್ ಬಂದ. ಕೈಯಲ್ಲಿ ಪೆಟ್ಟಿಗೆ, ಮುಖದಲ್ಲಿ ‘ನಾನು ಹೇಳಿರಲಿಲ್ಲವೇ’. ಕುಕ್ಕರ್ ಮಷೀನಿಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತ.

“ಅವನಿಗೆ ಹೇಳು” ಎಂದ ಹೆಂಡತಿಗೆ, “ಅವನ ಸ್ಪಾನರು ಇದಕ್ಕೆ ತಾಗಿದ್ರೆ ನಾನು ಹೆಸರು ಬದಲಾಯಿಸ್ಕೋತೀನಿ.”

“ಬದಲಾಯಿಸ್ಕೊಳ್ಳಿ. ಈಗಿರೋದೇನು ಮಹಾ ಚಿನ್ನದ ಹೆಸರಾ?” ಎಂದಳು ಹೆಂಡತಿ. ಆಮೇಲೆ ಡಾಕ್ಟರಿಗೆ, “ಭಾವ, ಅವರು ಬನ್ನಿ ಅಂತಿದ್ದಾರೆ.”

“ಆ ಗೂಬೆಗೆ ಹೇಳಮ್ಮಾ, ನಾನು ಅವನಿಗೋಸ್ಕರ ಬಂದಿಲ್ಲ. ಬೀದಿಯಲ್ಲಿ ಜನ ನೀರಿಲ್ದೆ ಸಾಯ್ತಿದ್ದಾರೆ ಅಂತ ಬಂದೆ.”

“ರೀ, ಭಾವ ನಿಮ್ಮ ಕಷ್ಟ ನೋಡಕ್ಕಾಗದೆ ಬಂದ್ರಂತೆ.”

ಹೀಗೆ ಶುರುವಾಯಿತು ರಾಯಭಾರ. ಕುಕ್ಕರ್ ಗೊಣಗುತ್ತಾ ಮಷೀನಿನ ಮೇಲೆ ಹತ್ತಿದ, ಡಾಕ್ಟರ್ ಕೆಳಗೆ ನಿಂತ. ಮೇಲಿನಿಂದ ಕುಕ್ಕರ್‌ನ ಬೈಗಳು ಇಳಿಯುತ್ತಿತ್ತು, ಕೆಳಗಿನಿಂದ ಡಾಕ್ಟರನ ಬೈಗಳು ಏರುತ್ತಿತ್ತು. ನಡುವೆ ನಿಂತ ಹೆಂಡತಿ ಒಂದರದು ಇನ್ನೊಂದಕ್ಕೆ ತಾಗದಂತೆ, ಕೆಲಸಕ್ಕೆ ಬೇಕಾದ್ದನ್ನು ಮಾತ್ರ ಸೋಸಿ ದಾಟಿಸುತ್ತಿದ್ದಳು.

“ಮೇಲ್ಗಡೆ ಎಡದ ಪೈಪು ಬಲಕ್ಕೆ, ಬಲದ್ದು ಎಡಕ್ಕೆ ಹಾಕೋಕೆ ಹೇಳಮ್ಮಾ, ಆ ತಲೆಯಿಲ್ಲದವನಿಗೆ.”

“ರೀ, ಪೈಪು ಅದಲುಬದಲು ಮಾಡಬೇಕಂತೆ.”

“ಯಾಕೆ ಅಂತ ಕೇಳು. ಇಷ್ಟ ಬಂದ ಹಾಗೆ ಬಿಚ್ಚೋಕೆ ಇದೇನು ಅವರಪ್ಪನ ಗಂಟಾ?”

“ಭಾವ, ಯಾಕೆ ಅಂತ ತಿಳ್ಕೊಳ್ಳೋ ಆಸೆಯಂತೆ.”

ಡಾಕ್ಟರಿಗೆ ಪಾಠ ಹೇಳುವುದೆಂದರೆ ಊಟಕ್ಕಿಂತ ಇಷ್ಟ. “ನೋಡಮ್ಮಾ, ಅದಲುಬದಲು ಮಾಡಿದಾಗ ರೋಗ ಬಲಗಾಲಿಗೆ ಹೋದ್ರೆ, ಕೆಟ್ಟಿರೋದು ಮೇಲೆ, ಎಣ್ಣೆ ಕಳಿಸೋ ಕಡೆ. ಅದಲುಬದಲು ಮಾಡಿದ್ಮೇಲೂ ರೋಗ ಎಡಗಾಲಲ್ಲೇ ಕೂತಿದ್ರೆ, ಮೇಲೆ ಏನೂ ಕೆಟ್ಟಿಲ್ಲ. ಕೆಟ್ಟಿರೋದು ಅದರ ಕೆಳಗೆ.”

ಅದಲುಬದಲಾಯಿತು. ಎಡ ಚೈನು ಮೊದಲಿನ ಹಾಗೇ ಮುಲುಗಿತು. ಆಮೇಲೆ ಡಾಕ್ಟರ್ ಕೆಳಗೆ ತೂರಿ, ಎಡ ಮೋಟರಿಗೆ ಹೋಗುವ ಪೈಪುಗಳನ್ನು ಹೊಕ್ಕುಳಿನ ಬುಡದಲ್ಲೇ ಬಿಚ್ಚಿ ಬಿರಡೆ ಜಡಿದ. ದಾರಿಯೇ ಮುಚ್ಚಿದ ಮೇಲೆ ಎಣ್ಣೆಯ ಒತ್ತಡ ಏರಬೇಕು. ಕುಕ್ಕರ್ ಲಿವರ್ ತಳ್ಳಿದ. ಒತ್ತಡದ ಮುಳ್ಳು ತುಸು ಎದ್ದು, ಆಕಳಿಸಿ, ಮಲಗಿತು.

“ಮುಚ್ಚಿದ ಬಾಗಿಲ ಮನೆಯೊಳಗಿಂದ ಸಾಮಾನು ಮಾಯ ಆಗ್ತಿದೆ ಅಂದ್ರೆ ಕಳ್ಳ ಒಳಗೇ ಇದ್ದಾನೆ” ಎಂದು ಹೊಟ್ಟೆಯ ಕೆಳಗಿನಿಂದ ಡಾಕ್ಟರನ ಜಯಘೋಷ ಬಂತು. “ಸ್ವಿವೆಲ್ಲೇ! ಅವತ್ತು ಎಲೆ ಮುಂದೆ ಕೂತು ಹೇಳಿದ್ದೆ, ಆ ಕತ್ತೆಗೆ ಕಿವಿ ಇದ್ದಿದ್ರೆ ತಾನೆ!”

ಹೆಂಡತಿ ಬಾಯಿ ತೆರೆದಳು. ಬೆಳಗಿನಿಂದ ನೀರಿಲ್ಲ, ಊಟವಿಲ್ಲ, ಕೂರಲು ಜಾಗವಿಲ್ಲ. ಸೋಸಿ ಸೋಸಿ ಅವಳ ಜರಡಿಯೇ ಸವೆದಿತ್ತು.

“ರೀ, ನಿಮ್ಮನ್ನ ಕತ್ತೆ ಅಂದ್ರು” ಎಂದಳು.

“ಏನಂದ?”

“ಕತ್ತೆ. ಅದಕ್ಕೆ ಮುಂಚೆ ಗೂಬೆ. ಮಧ್ಯದಲ್ಲಿ ತಲೆಯಿಲ್ಲದವನು. ಭಾವ, ಇವರು ನಿಮ್ಮಪ್ಪನ ತನಕ ಹೋಗಿದ್ರು, ನಾನು ಹೇಳಿರಲಿಲ್ಲ. ಈಗ ನನ್ನ ಸೀಲೂ ಹೋಯ್ತು. ಇನ್ಮೇಲೆ ಬಂದದ್ದು ಬಂದ ಹಾಗೇ ದಾಟುತ್ತೆ.”

ಮೂರನೆಯ ಸೀಟಿ ಓಣಿಯ ಕೊನೆಯ ಮನೆಗೂ ಕೇಳಿಸಿತು. ಆ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ನೇರವಾಗಿಯೇ ಬೈದುಕೊಂಡರು, ಮಾತು ಬಿಟ್ಟಿದ್ದನ್ನು ಮರೆತು. ಅದೂ ಒಂದು ಬಗೆಯ ರಾಜಿಯೇ ಅನ್ನಬೇಕು, ಯಾಕೆಂದರೆ ಬೈಯುತ್ತಾ ಬೈಯುತ್ತಾ ಕೈಗಳು ಕೆಲಸ ಮಾಡುತ್ತಿದ್ದವು. ಕುಕ್ಕರ್ ಮೇಲಿನ ಪೈಪುಗಳನ್ನು ಬಿಚ್ಚಿದ, ಡಾಕ್ಟರ್ ಕೆಳಗಿನವನ್ನು. ಯಾವುದು ಯಾವುದೆಂದು ಗೊಂದಲವಾಗಬಾರದೆಂದು ಹೆಂಡತಿ ದರ್ಜಿಯ ಅಂಗಡಿಯಿಂದ ಬಣ್ಣದ ಚಿಂದಿ ತಂದು, ಒಂದೊಂದು ಪೈಪಿಗೂ ಅದರ ಬಾಯಿಗೂ ಒಂದೇ ಬಣ್ಣ ಕಟ್ಟಿದಳು. ರಾಕ್ಷಸ ಹೊಟ್ಟೆಯ ತುಂಬ ರಿಬ್ಬನ್ನು ಕಟ್ಟಿಸಿಕೊಂಡು ಶಾಲೆಗೆ ಹೊರಟ ಹುಡುಗಿಯ ಹಾಗೆ ಕಂಡ.

ಹೊಕ್ಕುಳು ಹೊರಬಂತು. ಅಂಗಿಯಿಂದ ಕಂಬ ಎಳೆದರೆ ಒಳಗಿನ ಬಳೆಗಳು ಸುಟ್ಟ ಹಪ್ಪಳದಂತೆ ಪುಡಿಯಾದವು. ಡಾಕ್ಟರ್ ಕಂಬದ ಮೈ ಮೇಲೆ ಉಗುರಾಡಿಸಿ ಗೀರು ಬಿದ್ದಿಲ್ಲವೆಂದು ನೋಡಿಕೊಂಡ. ಪೆಟ್ಟಿಗೆಯ ತಳದಿಂದ ಒಂದು ಪೊಟ್ಟಣ ತೆಗೆದು, ಹೊಸ ಬಳೆಗಳನ್ನು ಬಿಸಿ ಎಣ್ಣೆಯಲ್ಲಿ ನೆನೆಹಾಕಿದ. ಮೆತ್ತಗಾದರೆ ಮಾತ್ರ ತಿರುಚಿಕೊಳ್ಳದೆ ಕೂರುತ್ತವೆ.

ಪೊಟ್ಟಣದ ಮೇಲೆ ದಪ್ಪ ಧೂಳು ಕೂತಿತ್ತು. ಕುಕ್ಕರ್ ಅದನ್ನು ನೋಡಿದ.

“ಇದು ಇವತ್ತು ತಂದದ್ದಲ್ಲ” ಎಂದ.

“ಭಾವ ಆ ಊಟದ ಮಾರನೇ ದಿನವೇ ತಂದಿಟ್ಟಿದ್ರಂತೆ. ನಿಮ್ಮ ಮಷೀನಿಗೇ ಅಂತ. ಅಕ್ಕ ಹೇಳಿದ್ಲು” ಎಂದಳು ಹೆಂಡತಿ.

ಕುಕ್ಕರ್ ಪೊಟ್ಟಣವನ್ನು ಕೈಗೆತ್ತಿಕೊಂಡು ಒಮ್ಮೆ ತಿರುಗಿಸಿ ನೋಡಿ ಮತ್ತೆ ಇಟ್ಟ. ಒಳಗೆ ಎದ್ದದ್ದು ಏನೆಂದು ತಿಳಿಯದೆ ಸಿಟ್ಟೇ ಇರಬೇಕೆಂದುಕೊಂಡ. “ಅಂದ್ರೆ ನನ್ನ ಮಷೀನು ಯಾವಾಗ ಕೆಡುತ್ತೆ ಅಂತ ಅವತ್ತಿನಿಂದ ಬಾಯಿ ಬಿಟ್ಕೊಂಡು ಕಾಯ್ತಿದ್ದೆ ಅನ್ನು!”

“ಹೂಂ, ಕಾಯ್ತಿದ್ದೆ! ಏನೀಗ?” ಎಂದ ಡಾಕ್ಟರ್, ಬಳೆಗಳನ್ನು ತೊಟ್ಟಿಲ ಕೂಸನ್ನು ತಿರುಗಿಸುವಷ್ಟು ಮೆಲ್ಲಗೆ ಎಣ್ಣೆಯಲ್ಲಿ ಮಗುಚುತ್ತಾ.

ಬಳೆಗಳನ್ನೆಲ್ಲ ಕೂರಿಸಿ, ಹೊಕ್ಕುಳನ್ನು ಸ್ವಸ್ಥಾನಕ್ಕೆ ಸೇರಿಸಿ, ಡಾಕ್ಟರ್ ಮತ್ತೆ ಹೊಟ್ಟೆಯ ಕೆಳಗೆ ತೂರಿ ಕೊನೆಯ ಪೈಪು ಬಿಗಿಯುತ್ತಿದ್ದಾಗ ವಾರ್ಡ್ ಕಚೇರಿಯ ಸಾಹೇಬ ಬಂದ. ಒಂದು ಕೈಯಲ್ಲಿ ಅಂಟಿನ ಡಬ್ಬಿ, ಇನ್ನೊಂದರಲ್ಲಿ ಮುದ್ರೆ ಒತ್ತಿದ ಕಾಗದ. ಹಿಂದೆ ಎಳೆದೊಯ್ಯುವ ಗಾಡಿ. ಸಾಹೇಬನ ಮುಖ ಹಿಂಡಿದ ಬಟ್ಟೆಯಂತಿತ್ತು. ನಿಂತಲ್ಲಿ ನಿಲ್ಲದೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

“ಎಲ್ಲಿ? ಸೀಲ್ ಎಲ್ಲಿಗೆ ಹಾಕಬೇಕು?” ಎಂದು ಕೂಗಿದ.

ಕೆಳಗಿದ್ದ ಡಾಕ್ಟರಿಗೆ ಕಂಡದ್ದು ಬೂಟು ಮಾತ್ರ. ಯಾರೋ ದಾರಿಹೋಕ ಎಂದುಕೊಂಡ. “ಹಾಕಿ ಆಯ್ತು ಮಾರಾಯಾ! ಹಳೇ ಸೀಲೆಲ್ಲ ನಾನೇ ಕಿತ್ತೆಸೆದೆ!”

ಸಾಹೇಬನ ಹುಬ್ಬು ಟೋಪಿ ಮುಟ್ಟಿತು. “ಸೀಲ್ ಕಿತ್ಯಾ? ಯಾರನ್ನ ಕೇಳಿ ಕಿತ್ತೆ?”

“ಯಾರನ್ನ ಕೇಳೋದು? ಕೊಳೆತು ನಾರ್ತಿದ್ವು. ಬೆರಳಲ್ಲಿ ತಿಕ್ಕಿದ್ರೆ ಪುಡಿ! ಇದಕ್ಕಿಂತ ದೊಡ್ಡ ದೊಡ್ಡ ಕಡೆ ಸೀಲ್ ಕಿತ್ತಿದ್ದೀನಿ ನಾನು. ನನ್ನ ಜೀವಮಾನದ ಕೆಲಸವೇ ಅದು!”

“ಸರ್ಕಾರದ ಸೀಲು!” ಸಾಹೇಬ ನಡುಗಿದ, ಅರ್ಧ ಸಿಟ್ಟಿಗೆ, ಅರ್ಧ ಬೇರೆ ಕಾರಣಕ್ಕೆ. “ಗಾಡಿ ತರ್ರೋ! ಕಟ್ರೋ ಇದನ್ನ! ಅಂಗಳಕ್ಕೆ!”

ಎಳೆಯುವ ಗಾಡಿ ಹಿಮ್ಮುಖವಾಗಿ ಬಂತು. ಕೊಂಡಿ ಇಳಿಯಿತು. ಕುಕ್ಕರ್‌ಗೆ ಬಾನೆಟ್ಟಿನ ಮರ ಕಣ್ಣಿಗೆ ಕಟ್ಟಿತು. ತನ್ನ ಮಷೀನಿನ ಗೂಡಿನೊಳಗಿಂದ ಕೊಂಬೆ ಹೊರಬಂದು, ಲಿವರಿನ ಮೇಲೆ ಕಾಗೆ ಕೂತಂತಾಯಿತು.

“ಸಾರ್, ಸಾರ್, ಅದು ಆ ಸೀಲಲ್ಲ!”

“ಮತ್ತೆ? ಇದು ಸಿವಿಲ್ ಮ್ಯಾಟರು ಅಂತ ನಮಗೆ ವರದಿ ಬಂದಿದೆ.”

“ಖುದ್ದು ಮಷೀನಿನವನ ಬಾಯಲ್ಲೇ ಕೇಳಿದ್ದೀನಿ” ಎಂದರು ಟೈಪಿಸ್ಟ್ ತಾತ, ಬೆರಳಾಡಿಸುತ್ತಾ. ರೇಡಿಯೋ ಅಕ್ಕ ದರ್ಜಿ ಹೊಲಿದಿದ್ದ ರವಿಕೆಯನ್ನು ಮನೆಯಿಂದ ತಂದು ಎತ್ತಿ ಹಿಡಿದು ತನ್ನದೂ ಒಂದು ಸಾಕ್ಷಿ ಎಂದಳು.

“ಸುಮ್ನಿರಿ ಎಲ್ಲರೂ!” ಸಾಹೇಬ ಕಾಲಿಗೆ ಕಾಲು ಹೆಣೆದು ನಿಂತ. “ನನಗೆ ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ. ಇದರೊಳಗೆ ಕೆಟ್ಟಿರೋದು ಏನು? ನೀವಿಬ್ಬರೂ ಒಂದೇ ಪದದಲ್ಲಿ ಹೇಳಿ. ಸಿವಿಲ್ ಆದ್ರೆ ಅಂಗಳ. ಅಲ್ಲದಿದ್ರೆ ಬಿಡ್ತೀನಿ.”

ಓಣಿಯವರೆಲ್ಲ ಹತ್ತಿರಕ್ಕೆ ಸರಿದರು. ಬಿಂದಿಗೆಗಳೂ ಸುಮ್ಮನಾದವು.

ಕುಕ್ಕರ್ ಮಷೀನನ್ನು ನೋಡಿದ. ಧೂಳು ಹಿಡಿದ ಪೊಟ್ಟಣವನ್ನು ನೋಡಿದ. ಹೋಗಲಿ, ಎಂಜಲ ಕೈಯ ಶಪಥ ತಾನೆ! ತುಟಿ ಮುಂದೆ ಮಾಡಿ, ಹಲ್ಲು ಕಚ್ಚಿ, ಜೀವಮಾನದಲ್ಲಿ ಮೊದಲ ಸಲ ಆ ಒತ್ತಕ್ಷರಕ್ಕೆ ತಲೆಬಾಗಲು ಸಿದ್ಧನಾದ. ಅದೇ ಹೊತ್ತಿಗೆ ಡಾಕ್ಟರ್ ಎಣ್ಣೆ ಮೆತ್ತಿದ ಮುಖ ಹೊರಗೆ ಹಾಕಿದ. ಮಷೀನಿನ ಕೆಳಗೆ ಅವನಿಗೆ ಸಾಹೇಬನ ಮಾತು ಅರ್ಧ ಮಾತ್ರ ಕೇಳಿಸಿತ್ತು. ಇಬ್ಬರೂ ಒಂದೇ ಪದ ಹೇಳಬೇಕಂತೆ, ಇಲ್ಲದಿದ್ದರೆ ಮಷೀನು ಹೋಗುತ್ತದಂತೆ. ಈ ಮೊಂಡ ಸತ್ತರೂ ತನ್ನ ಪದ ಬಿಡುವವನಲ್ಲ. ಹೋಗಲಿ, ದೊಡ್ಡಳಿಯ ನಾನೇ ಸೋಲೋಣ ಎಂದುಕೊಂಡ.

“ಸ್ವಿವೆಲ್!” ಎಂದ ಕುಕ್ಕರ್.

“ಸಿವಿಲ್!” ಎಂದ ಡಾಕ್ಟರ್.

ಎರಡೂ ಒಟ್ಟಿಗೇ ಬಿದ್ದವು. ಇಬ್ಬರೂ ಹಾವು ತುಳಿದವರಂತೆ ಒಬ್ಬರನ್ನೊಬ್ಬರು ನೋಡಿದರು.

“ನೋಡಿ” ಎಂದ ಸಾಹೇಬ. “ಒಬ್ಬ ಒಂದು ಅಂತಾನೆ, ಇನ್ನೊಬ್ಬ ಇನ್ನೊಂದು ಅಂತಾನೆ. ಇದಕ್ಕೇನಂತಾರೆ? ವಿವಾದ! ವಿವಾದ ಇದೆ ಅಂದ್ಮೇಲೆ ಸಿವಿಲ್ಲೇ!”

“ಭೇಷ್!” ಎಂದರು ತಾತ. ಅಂಥ ತೀರ್ಪನ್ನು ಅವರು ಟೈಪು ಮಾಡಿ ಬಹಳ ಕಾಲವಾಗಿತ್ತು.

“ಯಾರೋ ನಿನಗೆ ಸೋಲು ಅಂದಿದ್ದು!” ಎಂದು ಕುಕ್ಕರ್ ಷಡ್ಡಕನ ಮೇಲೆ ಎಗರಿದ. “ನಾನು ಸೋಲೋ ದಿನವೇ ನೀನೂ ಸೋಲಬೇಕಿತ್ತಾ?”

“ನೀನು ಸೋಲ್ತೀಯ ಅಂತ ನನಗೇನು ಗೊತ್ತೋ ಮುಠ್ಠಾಳ! ಹುಟ್ಟಿದಾಗಿನಿಂದ ಸೋತಿದ್ಯಾ ನೀನು?”

ಕೊಂಡಿ ಮಷೀನಿಗೆ ಬೀಳುವುದರಲ್ಲಿತ್ತು. ಕುಕ್ಕರ್‌ನ ಹೆಂಡತಿ ನಡುವೆ ಬಂದು ನಿಂತಳು. ಅವಳ ಕೈಯಲ್ಲಿ ಒಂದು ಡಬ್ಬಿ, ಡಬ್ಬಿಯಲ್ಲಿ ಡಾಕ್ಟರ್ ಕಿತ್ತೆಸೆದಿದ್ದ, ಪುಡಿಯಾದ ಹಳೆಯ ಬಳೆಗಳು.

“ಸಾಹೇಬ್ರೇ, ವಿವಾದ ಇರೋದು ಈ ವಸ್ತೂದು. ಮಷೀನಿನೊಳಗೆ ಇದಿಲ್ಲ, ನನ್ನ ಕೈಲಿದೆ. ಸೀಲ್ ಹಾಕೋದಿದ್ರೆ ಈ ಸೀಲಿಗೆ ಹಾಕಿ.”

“ನನಗೇ ಕಾನೂನು ಹೇಳಿಕೊಡ್ತೀಯೇನಮ್ಮಾ?”

“ಇಲ್ಲಪ್ಪ. ನೀರಿನ ವಿಷಯ ಹೇಳ್ತಿದ್ದೀನಿ. ಮಷೀನು ಹೋದ್ರೆ ಪೈಪು ಇಳಿಯಲ್ಲ, ಪೈಪು ಇಳೀದಿದ್ರೆ ನೀರು ಬಿಡೋ ಹಾಗಿಲ್ಲ. ನಿಮ್ಮ ಕಚೇರಿಗೂ ಇದ್ರಲ್ಲೇ ಅಲ್ವಾ ನೀರು ಬರೋದು? ನೀವು ಬಂದಾಗಿನಿಂದ ನಿಂತಿರೋ ಭಂಗಿ ನೋಡಿದ್ರೆ, ಬೆಳಗ್ಗಿನಿಂದ ಅಲ್ಲೂ ಇಲ್ಲ ಅಂತ ಕಾಣುತ್ತೆ.”

ಸಾಹೇಬನ ಮುಖದಲ್ಲಿ ಕಾನೂನಿಗೂ ಹೊಟ್ಟೆಗೂ ದೊಡ್ಡದೊಂದು ವ್ಯಾಜ್ಯ ನಡೆಯಿತು. ಬಹಳ ಹೊತ್ತು ನಡೆಯಲಿಲ್ಲ. ಡಬ್ಬಿಯ ಸುತ್ತ ಕಾಗದ ಸುತ್ತಿ, ಅಂಟು ಬಳಿದು, ಮುದ್ರೆ ಒತ್ತಿದ. ಹೀಗೆ ಸೀಲಿಗೆ ಸೀಲ್ ಬಿತ್ತು. ಡಬ್ಬಿಯನ್ನು ಎಳೆಯುವ ಗಾಡಿಯ ಮೇಲಿಟ್ಟು ಅಂಗಳಕ್ಕೆ ಕಳಿಸಿದ. ಆಮೇಲೆ ಗಂಟಲು ಹರಿಯುವಂತೆ ಕಿರುಚಿದ, “ಪೈಪು ಇಳ್ಸೋ! ಬೇಗ ಇಳ್ಸೋ!”

ಕುಕ್ಕರ್ ಹತ್ತಿ ಕೂತ. ನಿಧಾನವಾಗಿ ಒಂದಷ್ಟು ಆಚೀಚೆ ಆಡಿಸಿ, ಪೈಪುಗಳೊಳಗೆ ಸೇರಿಕೊಂಡಿದ್ದ ಗಾಳಿ ಹೊರಡಿಸಿದ. ಎರಡೂ ಲಿವರ್ ತಳ್ಳಿದ. ಎರಡೂ ಚೈನು ಜೋಡೆತ್ತಿನ ಹಾಗೆ ಸಮಸಮ ನಡೆದವು. ರಾಕ್ಷಸ ಗೆರೆ ಹೊಡೆದಷ್ಟು ನೆಟ್ಟಗೆ ಹೋಗಿ, ಪೈಪು ಎತ್ತಿ ತಂದು, ಬೆಳಕಿರುವಾಗಲೇ ಗುಂಡಿಯೊಳಗೆ ಮಲಗಿಸಿದ. ನಲ್ಲಿಗಳು ಕೆಮ್ಮಿದವು, ಕೆಸರು ಉಗುಳಿದವು, ಆಮೇಲೆ ನೀರು ಬಂತು. ಸಾಹೇಬ ಅಷ್ಟರಲ್ಲಿ ಟೈಪಿಸ್ಟ್ ತಾತನ ಮನೆಯ ಒಳಗಿದ್ದ.

ಇಷ್ಟಾದ ಮೇಲೆ ಷಡ್ಡಕರು ಅಪ್ಪಿಕೊಂಡರು ಎಂದು ಬರೆಯಲು ಯಾರಿಗೆ ಇಷ್ಟವಿಲ್ಲ? ಆದರೆ ಕುಕ್ಕರ್ ಇಳಿದು ಬಂದು ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ಇಷ್ಟು.

“ಸ್ವಿವೆಲ್ ಚೆನ್ನಾಗಿ ಕೂತಿದೆ.”

“ಸಿವಿಲ್ ಅನ್ನು” ಎಂದ ಡಾಕ್ಟರ್. “ನಿನಗೋಸ್ಕರ ಇಡೀ ಬೀದಿ ಮುಂದೆ ಮರ್ಯಾದೆ ಬಿಟ್ಟು ಹೇಳಿದ್ದೀನಿ. ಇನ್ನು ಅದು ಸಿವಿಲ್ಲೇ.”

“ಹೇಗೆ ಸಿವಿಲ್? ನಾನು ಶಪಥ ಮುರಿದು ಸ್ವಿವೆಲ್ ಅಂದಿದ್ದೀನಿ. ಇನ್ನು ಪ್ರಾಣ ಹೋದ್ರೂ ಸ್ವಿವೆಲ್ಲೇ!”

“ಸಿವಿಲ್!”

“ಎಲ್ಲಿ, ಹೇಳು? ಸ್ವಿ…”

ಎಳೆ ಎಳೆಯಾಗಿ ಸೀಟಿ ಶುರುವಾಯಿತು. ಹೆಂಡತಿ ಬಿಂದಿಗೆ ಕೆಳಗಿಟ್ಟಳು.

“ಭಾವ, ಪೈಪು ಅದಲುಬದಲು ಮಾಡಿದ್ಮೇಲೂ ರೋಗ ಇದ್ದಲ್ಲೇ ಇದ್ರೆ ಏನು ಅಂದ್ರಿ ನೀವು?”

“ಕೆಟ್ಟಿರೋದು ಅದರ ಕೆಳಗೆ ಅಂತ.”

“ಪದ ಅದಲುಬದಲು ಆಯ್ತು. ಅವರದ್ದು ನಿಮ್ಮ ಬಾಯಲ್ಲಿದೆ, ನಿಮ್ಮದು ಅವರ ಬಾಯಲ್ಲಿದೆ. ಜಗಳ ಇದ್ದಲ್ಲೇ ಇದೆ. ಹಾಗಾದ್ರೆ ಪದದಲ್ಲಿ ಏನೂ ಕೆಟ್ಟಿಲ್ಲ ಭಾವ. ಕೆಟ್ಟಿರೋದು ಅದರ ಕೆಳಗೆ, ನಿಮ್ಮಿಬ್ಬರ ಕತ್ತಿನ ಮೇಲೆ ಎರಡು ಕೂತಿವೆಯಲ್ಲ, ಅವು.”

ಷಡ್ಡಕರು ಒಬ್ಬರ ತಲೆಯನ್ನು ಇನ್ನೊಬ್ಬರು ನೋಡಿಕೊಂಡರು. ಆಮೇಲೆ, ಅತ್ತೆ ಮನೆಯ ಆ ಊಟದ ನಂತರ ಮೊದಲ ಸಲ, ಇಬ್ಬರ ಬಾಯಲ್ಲೂ ಒಂದೇ ಮಾತು, ಒಂದೇ ಸ್ವರದಲ್ಲಿ, ಒಂದೇ ಸಿಟ್ಟಿನಲ್ಲಿ ಬಂತು.

“ಮಷೀನಿನ ವಿಷಯ ನಿನಗೇನೇ ಗೊತ್ತು?”

ಆಗ ಅವಳ ಮೂಗಿನಿಂದ ಒಂದು ಸೀಟಿ ಬಂತು.

ಓಣಿಯವರು ಈ ಸೀಟಿಯನ್ನು ಹಿಂದೆ ಕೇಳಿದವರಲ್ಲ. ರೇಡಿಯೋ ಅಕ್ಕ ದರ್ಜಿಯ ಮಗಳ ಕಿವಿ ಮುಚ್ಚಿದಳು. ಎರಡನೆಯದು ಬಂದಾಗ ಟೈಪಿಸ್ಟ್ ತಾತನ ಬೆರಳುಗಳು ಸ್ತಬ್ಧವಾದವು. ಮೂರನೆಯದನ್ನು ಕೇಳಲು ಷಡ್ಡಕರು ಅಲ್ಲಿರಲಿಲ್ಲ. ಮಷೀನಿನ ಹೊಟ್ಟೆಯ ಕೆಳಗೆ ಭುಜಕ್ಕೆ ಭುಜ ತಾಗಿಸಿಕೊಂಡು ಮಲಗಿದ್ದರು. ಅಲ್ಲಿ ಒಂದು ನಟ್ಟು ಸಡಿಲವಾಗಿದೆ, ಬಿಗಿಯಲು ಬಹಳ ಹೊತ್ತು ಹಿಡಿಯುತ್ತದೆ ಎಂಬ ವಿಚಾರದಲ್ಲಿ ಇಬ್ಬರಿಗೂ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ.